ಚೋಮನ ಸಾಲ, ಕಾರಂತರ ಲೆಕ್ಕ

(ಅಕ್ಟೋಬರ್ ತಿಂಗಳಲ್ಲಿ, ಶಿವರಾಮ ಕಾರಂತರ ಹುಟ್ಟುಹಬ್ಬದ ವಾರ, ಓದುಗರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಎಂದವರ ಒತ್ತಾಯಕ್ಕೆ ಬರೆದಿದ್ದೇನೆ. ಅಲ್ಲಿ ತಡವರಿಸಿದ್ದನ್ನು ಇಲ್ಲಿ ತಿದ್ದಿಕೊಂಡಿದ್ದೇನೆ, ಅಷ್ಟೇ.)

ನಾನು ಸಾಹಿತ್ಯದ ಮೇಷ್ಟರಲ್ಲ. ಮೂವತ್ತೊಂದು ವರ್ಷ ಒಂದು ಸಹಕಾರಿ ಸಂಘದಲ್ಲಿ ಲೆಡ್ಜರು ಬರೆದವನು. ಬೆಳೆ ಸಾಲ, ಅಡವು ಸಾಲ, ಬಡ್ಡಿ, ಸುಸ್ತಿ ಬಡ್ಡಿ, ಜಾಮೀನು, ನೋಟೀಸು ಇವೇ ನನ್ನ ಶಬ್ದಕೋಶ. ನಮ್ಮ ಕಚೇರಿಯ ಭಾಷೆಯಲ್ಲಿ ವಾಯಿದೆಗೆ ಸರಿಯಾಗಿ ಹಣ ಕಟ್ಟದವನಿಗೆ ‘ಸುಸ್ತಿದಾರ’ ಎನ್ನುತ್ತಾರೆ. ನೌಕರಿಗೆ ಸೇರಿದ ಮೊದಲ ದಿನ ಆ ಶಬ್ದ ಕೇಳಿ, ಪಾಪ, ದುಡಿದು ದುಡಿದು ಸುಸ್ತಾದವರಿರಬೇಕು ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅರ್ಥ ಬೇರೆಯಾದರೂ ನನ್ನ ಊಹೆ ಅಷ್ಟೇನೂ ತಪ್ಪಾಗಿರಲಿಲ್ಲ ಎಂದು.

ಇಂಥವನು ಕಾರಂತರ ಬಗ್ಗೆ ಏನು ಮಾತಾಡಬಲ್ಲ ಎಂದು ನೀವು ಕೇಳಬಹುದು. ಅವರನ್ನು ‘ಕಡಲ ತೀರದ ಭಾರ್ಗವ’ ಎಂದೋ ‘ನಡೆದಾಡುವ ವಿಶ್ವಕೋಶ’ ಎಂದೋ ಕರೆದು ಶಾಲು ಹೊದಿಸುವುದನ್ನು ಮಾಡಬೇಕಾದವರು ಮಾಡಿದ್ದಾರೆ. ನನಗೆ ಅವರ ಕಾದಂಬರಿಗಳಲ್ಲಿ ಮೊದಲು ಕಂಡದ್ದು ಕಡಲೂ ಅಲ್ಲ, ಬೆಟ್ಟವೂ ಅಲ್ಲ. ಕಂಡದ್ದು ಸಾಲ. ಯಾರು ಯಾರ ದುಡಿಮೆಯನ್ನು ಉಂಡರು, ಅದನ್ನು ಯಾರು ತೀರಿಸಿದರು, ಯಾರು ತೀರಿಸದೆ ಹೋದರು ಎಂಬ ಲೆಕ್ಕ. ನನ್ನ ಕಣ್ಣಿಗೆ ಕೆಲಸದ ಚಾಳಿ ಅಂಟಿದೆ ಎಂದು ಬೇಕಾದರೆ ಅನ್ನಿ. ಆದರೆ ಆ ಚಾಳಿಯಿಂದಲೇ ಇವತ್ತು ಒಂದು ಗಂಟೆ ಮಾತಾಡುತ್ತೇನೆ.

ಮೊದಲು ಬದುಕಿನ ಗೊಂಡಾರಣ್ಯವನ್ನು ಒಮ್ಮೆ ಹೊಕ್ಕು ಬರೋಣ. ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಕುಂದಾಪುರದಲ್ಲಿ ಹೈಸ್ಕೂಲು, ಮಂಗಳೂರಿನಲ್ಲಿ ಸರಕಾರಿ ಕಾಲೇಜು. ಅಸಹಕಾರ ಚಳವಳಿಯ ಕರೆ ಕಿವಿಗೆ ಬಿದ್ದದ್ದೇ ಕಾಲೇಜು ಬಿಟ್ಟರು. ಖಾದಿ ಹೊತ್ತು ಮಾರಿದರು. ವೇಶ್ಯೆಯರಿಗೆ ಮದುವೆ ಮಾಡಿಸಲು ಓಡಾಡಿದರು. ‘ವಸಂತ’ ಎಂಬ ಮಾಸಪತ್ರಿಕೆ ನಡೆಸಿದರು. ಅದರ ಪುಟ ತುಂಬಿಸಲು ‘ವಿಚಿತ್ರ ಕೂಟ’ ಎಂಬ ಪತ್ತೇದಾರಿ ಕಥೆಯನ್ನೂ ಬರೆದರು. ಕನ್ನಡದ ಅತಿ ಗಂಭೀರ ಕಾದಂಬರಿಕಾರರಲ್ಲಿ ಒಬ್ಬರು ಕೈ ಪಳಗಿಸಿಕೊಂಡದ್ದು ಪತ್ತೇದಾರಿ ಕಥೆಯಲ್ಲಿ ಎಂಬುದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ. ನಮ್ಮ ಮನೆಯಲ್ಲಿ ಪತ್ತೇದಾರಿ ಪುಸ್ತಕ ಓದಿದರೆ ಬೈಗುಳ ಬೀಳುತ್ತಿತ್ತು.

ಪತ್ರಿಕೆ ನಿಂತಿತು. ನಾಟಕ ಕಟ್ಟಿದರು, ಕುಣಿದರು, ಫೋಟೋ ಹಿಡಿದರು. ಕ್ಯಾಮೆರಾ ಕೊಂಡು ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರಗಳನ್ನು ತೆಗೆದರು. ಅದೂ ಎಂಥ ಹೊತ್ತಿನಲ್ಲಿ? ದೇಶದಲ್ಲಿ ಮಾತಿನ ಚಿತ್ರಗಳು ಕಾಲಿಡುತ್ತಿದ್ದ ಹೊತ್ತಿನಲ್ಲಿ. ಪುತ್ತೂರಿಗೆ ಬಂದು ಪರ್ಲಡ್ಕದ ಗುಡ್ಡದಲ್ಲಿ ಬಾಲವನ ಕಟ್ಟಿ, ಮಕ್ಕಳಿಗೆ ಬೆತ್ತವಿಲ್ಲದ ಪಾಠ ಹೇಳಲು ಹೊರಟರು. ಆ ಶಾಲೆಯೂ ಬಹಳ ವರ್ಷ ಬಾಳಲಿಲ್ಲ. ಅಚ್ಚುಕೂಟ ಹಾಕಿದರು, ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಮಾಡಿ ತಾವೇ ಮಾರಿದರು. 1936ರಲ್ಲಿ ಬಂಟ ಸಮುದಾಯದ ಲೀಲಾ ಆಳ್ವರನ್ನು ಮದುವೆಯಾದರು. ಕೋಟದ ಬ್ರಾಹ್ಮಣರ ಮನೆಯ ಹುಡುಗ ಆ ಕಾಲದಲ್ಲಿ ಹೀಗೆ ಮದುವೆಯಾದರೆ ಊರು ಏನು ಮಾತಾಡಿಕೊಂಡೀತು ಎಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಪಟ್ಟಿಯನ್ನು ಲೆಕ್ಕಿಗನ ಕಣ್ಣಿನಿಂದ ಓದಿದರೆ ಎದೆ ಝಲ್ಲೆನ್ನುತ್ತದೆ. ಒಂದೇ ಒಂದು ಉದ್ಯಮವೂ ಕೈ ಹಿಡಿದಿಲ್ಲ. ಇಂಥ ಅರ್ಜಿದಾರ ನನ್ನ ಮೇಜಿನ ಮುಂದೆ ಬಂದು ಕೂತಿದ್ದರೆ ನಾನು ಚಹಾ ತರಿಸಿ, ಹವೆಯ ವಿಷಯ ಮಾತಾಡಿ, ಸಾಲ ಮಾತ್ರ ಇಲ್ಲ ಎಂದು ಕಳುಹಿಸುತ್ತಿದ್ದೆ. ಅವರ ಆತ್ಮಕಥೆಯ ಹೆಸರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. 1948ರಲ್ಲಿ ಬಂದ ಪುಸ್ತಕ. ಆ ಹೆಸರಿನಲ್ಲಿ ವಿನಯ ಕಾಣುವವರು ಇದ್ದಾರೆ. ನನಗೆ ಕಂಡದ್ದು ಪ್ರಾಮಾಣಿಕವಾದ ಜಮಾಖರ್ಚಿನ ಪಟ್ಟಿ.

ಅದೃಷ್ಟವೆಂದರೆ ಪುತ್ತೂರಿನಲ್ಲಿ ಆಗ ಮೊಳಹಳ್ಳಿ ಶಿವರಾಯರಿದ್ದರು. ಈ ಜಿಲ್ಲೆಯ ಸಹಕಾರಿ ಚಳವಳಿಗೆ ತಳಪಾಯ ಹಾಕಿದವರು. ನಮ್ಮಂಥ ಸಂಘಗಳಲ್ಲಿ ಅವರ ಫೋಟೋಕ್ಕೆ ಇವತ್ತಿಗೂ ಮಾಲೆ ಬೀಳುತ್ತದೆ. ಅವರ ಬೆಂಬಲದಿಂದ ಕಾರಂತರು ಪುತ್ತೂರಿನಲ್ಲಿ ದಸರೆಯ ನಾಡಹಬ್ಬ ನಡೆಸಿದರು. ಕನ್ನಡದ ದೊಡ್ಡ ದೊಡ್ಡ ಲೇಖಕರು ಆ ಸಣ್ಣ ಪೇಟೆಗೆ ಬಂದು ಹೋಗುವಂತಾಯಿತು. ಒಬ್ಬರು ರೈತರಿಗೆ ಸಾಲದ ವ್ಯವಸ್ಥೆ ಕಟ್ಟಿದವರು. ಇನ್ನೊಬ್ಬರು ಸಾಲದಲ್ಲಿ ಮುಳುಗಿದವರ ಕಥೆ ಬರೆದವರು. ಇಬ್ಬರೂ ಒಂದೇ ಪೇಟೆಯಲ್ಲಿ ಓಡಾಡಿಕೊಂಡಿದ್ದರು ಎಂಬುದು ನನ್ನಂಥವನಿಗೆ ಕಥೆಯಷ್ಟೇ ರುಚಿಯಾದ ವಿಷಯ.

ಈಗ ‘ಚೋಮನ ದುಡಿ’ಗೆ ಬರುತ್ತೇನೆ. 1933ರ ಪುಸ್ತಕ. ಇನ್ನೂ ಮೂವತ್ತೊಂದರ ಹರೆಯ. ತೆಳ್ಳಗಿನ ಕಾದಂಬರಿ, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಮುಗಿಸಿದ ಮೇಲೆ ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ ನಾನು ಹೇಳಲಾರೆ.

ಚೋಮ ಅಸ್ಪೃಶ್ಯ ಜಾತಿಯವನು, ಸಂಕಪ್ಪಯ್ಯನವರ ಆಳು. ಮಕ್ಕಳು ಐವರು: ಚನಿಯ, ಗುರುವ, ಕಾಳ, ನೀಲ, ಮತ್ತೆ ಮಗಳು ಬೆಳ್ಳಿ. ಅವನ ಹತ್ತಿರ ಎರಡು ಎತ್ತುಗಳಿವೆ. ಎತ್ತು ಇದೆ, ಉಳಲು ಗದ್ದೆ ಇಲ್ಲ. ಅವನ ಬದುಕಿನ ಒಂದೇ ಒಂದು ಆಸೆಯೆಂದರೆ ತುಂಡು ನೆಲವನ್ನು ಗೇಣಿಗೆ ಹಿಡಿದು ಬೇಸಾಯ ಮಾಡುವುದು. ನೆಲದ ಒಡೆತನವನ್ನು ಅವನು ಕೇಳುತ್ತಿಲ್ಲ, ದಯವಿಟ್ಟು ಗಮನಿಸಿ. ಧಣಿಗೆ ಗೇಣಿ ಅಳೆದುಕೊಡುವ ಒಕ್ಕಲಾಗುವ ಹಕ್ಕನ್ನು ಮಾತ್ರ ಕೇಳುತ್ತಿದ್ದಾನೆ. ಅದಕ್ಕೂ ಜಾತಿ ಅಡ್ಡ. ಸಂಕಪ್ಪಯ್ಯನವರ ಮನಸ್ಸು ಕರಗುವಂತಿದ್ದರೂ ಅವರ ಮುದಿ ತಾಯಿ ಬಿಡುವುದಿಲ್ಲ.

ಇದು ಕಥೆಯ ಒಂದು ಎಳೆ. ಎಲ್ಲರೂ ಮಾತಾಡುವುದು ಇದನ್ನೇ. ಇನ್ನೊಂದು ಎಳೆಯಲ್ಲಿ ಮನ್ವೇಲ ಇದ್ದಾನೆ. ಘಟ್ಟದ ಮೇಲಿನ ಕಾಫಿ ತೋಟದ ರೈಟರು, ಎಂದರೆ ಲೆಕ್ಕ ಬರೆಯುವವನು. ತೋಟದ ಸಾಲ ವಸೂಲಿಗೆ ಬರುವವನು. ಸಾಲ ಪುಡಿಗಾಸಿನದ್ದು. ಆದರೆ ಅದರ ಲೆಕ್ಕ ಇರುವುದು ಮನ್ವೇಲನ ಪುಸ್ತಕದಲ್ಲಿ, ಓದು ಬಾರದ ಚೋಮನ ಕೈಯಲ್ಲಲ್ಲ. ಸಾಲ ತೀರಿಸಲೆಂದು ಚನಿಯ, ಗುರುವ ಇಬ್ಬರೂ ಘಟ್ಟ ಹತ್ತುತ್ತಾರೆ. ಗುರುವ ಅಲ್ಲಿಯೇ ಕ್ರೈಸ್ತ ಹುಡುಗಿಯ ಜೊತೆ ಉಳಿದುಬಿಡುತ್ತಾನೆ. ಚನಿಯ ಮೈಯಲ್ಲಿ ಜ್ವರ ಹೊತ್ತು ಮನೆಗೆ ಬಂದು ಸಾಯುತ್ತಾನೆ. ಸಾಲ ಮಾತ್ರ ಹಾಗೆಯೇ ಇರುತ್ತದೆ. ಆಗ ಹೊರಡುವವಳು ಬೆಳ್ಳಿ.

ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಸಾಲ ವಜಾ ಆದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಸರಕಾರ ಮನ್ನಾ ಮಾಡಿದ್ದು, ಆಸ್ತಿ ಹರಾಜಾದದ್ದು, ಸಾಲಗಾರ ಸತ್ತು ಕೈಬಿಟ್ಟದ್ದು. ಬೆಳ್ಳಿಯ ಸಾಲ ವಜಾ ಆದ ಬಗೆ ಮಾತ್ರ ಯಾವ ಲೆಡ್ಜರಿನಲ್ಲೂ ಬರೆಯಲಾಗದ್ದು. ತೋಟದಲ್ಲಿ ಅವಳ ಮೈಯೇ ಸಾಲಕ್ಕೆ ಬೆಲೆಯಾಗುತ್ತದೆ. ಸಾಲ ತೀರಿತು ಎಂಬ ಸುದ್ದಿ ಹೊತ್ತು ಅವಳು ಮನೆಗೆ ಬರುತ್ತಾಳೆ. ಅಪ್ಪನಿಗೆ ಸಂತೋಷ. ಆ ಸಂತೋಷವನ್ನು ಓದುವುದೇ ಕಷ್ಟ. ಹೇಗೆ ತೀರಿತು ಎಂದು ಅವನಿಗೆ ಗೊತ್ತಿಲ್ಲ, ಓದುಗನಿಗೆ ಗೊತ್ತು. ಋಣಮುಕ್ತ ಪತ್ರ ಕೊಟ್ಟಾಗ ರೈತರ ಮುಖ ಅರಳುವುದನ್ನು ನೂರಾರು ಬಾರಿ ನೋಡಿದವನು ನಾನು. ಒಬ್ಬ ಮುದುಕರಂತೂ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಪಕ್ಕದಲ್ಲೇ ನೇತುಹಾಕಿದ್ದರು. ‘ಚೋಮನ ದುಡಿ’ಯನ್ನು ಎರಡನೆಯ ಸಲ ಓದಿದ ಮೇಲೆ ಆ ಕಾಗದಕ್ಕೆ ಸಹಿ ಹಾಕುವಾಗಲೆಲ್ಲ ಒಂದು ಕ್ಷಣ ಕೈ ತಡೆಯುತ್ತಿತ್ತು. ಈ ದುಡ್ಡು ಎಲ್ಲಿಂದ ಬಂತೋ, ಯಾರು ಘಟ್ಟ ಹತ್ತಿದರೋ.

ನೀಲ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನರಿದ್ದಾರೆ. ಮುಟ್ಟಬಾರದ ಮಗುವನ್ನು ಎತ್ತುವವರಿಲ್ಲ. ಕ್ರೈಸ್ತನಾದರೆ ಗದ್ದೆ ಸಿಕ್ಕೀತು ಎಂದು ಚೋಮ ಹೊರಡುತ್ತಾನೆ, ದಾರಿಯಲ್ಲಿ ತನ್ನ ಪಂಜುರ್ಲಿ ಭೂತದ ನೆನಪು ಕಾಲು ಕಟ್ಟುತ್ತದೆ, ತಿರುಗಿ ಬರುತ್ತಾನೆ. ಬಂದಾಗ ಕಾಣುವುದು ಮಗಳನ್ನು, ಮನ್ವೇಲನ ಜೊತೆ. ಎತ್ತುಗಳನ್ನು ಬಿಟ್ಟುಬಿಡುತ್ತಾನೆ. ಬಾಗಿಲು ಹಾಕಿಕೊಂಡು ದುಡಿ ಎಂಬ ತನ್ನ ಚರ್ಮವಾದ್ಯವನ್ನು ಬಾರಿಸುತ್ತಾನೆ. ದುಡಿಯ ಸದ್ದು ನಿಂತಾಗ ಚೋಮ ಇಲ್ಲ.

1975ರಲ್ಲಿ ಬಿ.ವಿ. ಕಾರಂತರು (ಇವರು ಬೇರೆ ಕಾರಂತರು, ರಂಗಭೂಮಿಯವರು) ಇದನ್ನು ಸಿನಿಮಾ ಮಾಡಿದರು. ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ನೋಡದವರು ನೋಡಿ. ಆದರೆ ಮೊದಲು ಪುಸ್ತಕ ಓದಿ.

ಈ ಕಾದಂಬರಿಯ ಬಗ್ಗೆ ದಲಿತ ಓದುಗರು ಎತ್ತಿರುವ ತಕರಾರು ನನಗೆ ಗೊತ್ತಿದೆ. ಚೋಮ ತಿರುಗಿ ಬೀಳುವುದಿಲ್ಲ, ದುಡಿ ಬಾರಿಸಿ ಸಾಯುತ್ತಾನೆ. ಇದು ಮೇಲುಜಾತಿಯವನ ಕರುಣೆಯ ಕಣ್ಣು ಎನ್ನುತ್ತಾರೆ. ಅದರಲ್ಲಿ ಹುರುಳಿದೆ. ಆ ಸೀಮೆಯ ಚೋಮ ನಿಜವಾಗಿ ಮಾತಾಡುವುದು ತುಳು. ಪುಸ್ತಕದಲ್ಲಿ ಅವನಿಗೆ ಸಿಕ್ಕಿರುವುದು ಕಾರಂತರ ಕನ್ನಡ. ಅವನ ಸಿಟ್ಟು ಎಷ್ಟು ಕನ್ನಡಕ್ಕೆ ಬಂತು, ಎಷ್ಟು ತುಳುವಿನಲ್ಲೇ ಉಳಿಯಿತು ಎಂದು ಕೇಳಲೇಬೇಕು. ನನ್ನ ಮಾತು ಇಷ್ಟೇ: ಚೋಮನ ಒಳಗನ್ನು ಕಾರಂತರು ಪೂರ್ತಿ ಹೊಕ್ಕರೋ ಇಲ್ಲವೋ, ಅವನನ್ನು ಹಿಡಿದ ಸಾಲದ ಯಂತ್ರದ ಒಂದೊಂದು ಹಲ್ಲನ್ನೂ ಅವರು ಕಂಡಿದ್ದರು.

ಎಂಟು ವರ್ಷಗಳ ನಂತರ, 1941ರಲ್ಲಿ, ‘ಮರಳಿ ಮಣ್ಣಿಗೆ’. ಇದು ಅವರ ಸ್ವಂತ ಮಣ್ಣು. ಕೋಟದ ಹತ್ತಿರದ ಕೋಡಿ, ಒಂದು ಕಡೆ ಕಡಲು, ಒಂದು ಕಡೆ ಹೊಳೆ, ನಡುವೆ ಉಪ್ಪು ನೀರಿಗೆ ಹೆದರುತ್ತ ಬದುಕುವ ಗದ್ದೆಗಳು. ಮೂರು ತಲೆಮಾರಿನ ಕಥೆ. ರಾಮ ಐತಾಳ, ಅವನ ಮಗ ಲಚ್ಚ, ಲಚ್ಚನ ಮಗ ರಾಮ. ಗಂಡಸರ ಹೆಸರಿನಲ್ಲಿ ತಲೆಮಾರು ಎಣಿಸುವುದು ನಮ್ಮ ರೂಢಿ. ಆದರೆ ಪುಸ್ತಕವನ್ನು ಹೊತ್ತು ನಿಂತವರು ಐತಾಳನ ಹೆಂಡತಿ ಪಾರೋತಿ, ಅವನ ವಿಧವೆ ತಂಗಿ ಸರಸೋತಿ, ಮುಂದೆ ಸೊಸೆ ನಾಗವೇಣಿ.

ನಮ್ಮಮ್ಮ ಈ ಪುಸ್ತಕವನ್ನು ಮಳೆಗಾಲದಲ್ಲಿ ಓದಿದ್ದರು, ಒಲೆಯ ಮುಂದೆ ಕೂತು, ಹಲಸಿನ ಬೀಜ ಸುಡುತ್ತ. ಅರ್ಧ ಓದಿ ತಲೆ ಎತ್ತಿ ನನ್ನನ್ನು ಕೇಳಿದರು: “ಅಲ್ಲ ಮಗ, ಈ ಸರಸೋತಿ ಕೂತು ಉಣ್ಣುವುದು ಯಾವಾಗ?” ವಿಮರ್ಶಕರ ಪುಸ್ತಕಗಳನ್ನು ಆಮೇಲೆ ನಾನೂ ಒಂದಷ್ಟು ಓದಿದೆ. ‘ಮರಳಿ ಮಣ್ಣಿಗೆ’ಯ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಕ್ಕಲಿಲ್ಲ. ಗದ್ದೆಗೆ ಗೊಬ್ಬರ ಹೊರುವುದು, ನೇಜಿ, ಕಳೆ, ಒಲೆ, ಅಂಗಳ, ದನ ಎಲ್ಲ ಹೆಂಗಸರದು. ಐತಾಳನಿಗೆ ಪೌರೋಹಿತ್ಯ, ದಕ್ಷಿಣೆ, ಮತ್ತು ನೆರೆಯ ಶೀನ ಮಯ್ಯನ ಮೇಲಿನ ಮತ್ಸರ. ಮಕ್ಕಳಾಗಲಿಲ್ಲವೆಂದು ಎರಡನೆಯ ಮದುವೆಯನ್ನೂ ಆಗುತ್ತಾನೆ. ಹುಟ್ಟಿದ ಮಗನಿಗೆ ಇಂಗ್ಲಿಷು ಕಲಿಸುತ್ತಾನೆ. ಆ ಮಗ ಲಚ್ಚ ಜೂಜು, ಸೂಳೆಗಾರಿಕೆ ಎಂದು ಆಸ್ತಿಯನ್ನೆಲ್ಲ ಕರಗಿಸುತ್ತಾನೆ, ಹೆಂಡತಿಗೆ ರೋಗ ಅಂಟಿಸುತ್ತಾನೆ. ಎರಡು ಹೆಂಗಸರು ಬೆನ್ನು ಬಗ್ಗಿಸಿ ಜಮಾ ಮಾಡಿದ್ದನ್ನು ಒಬ್ಬ ಗಂಡಸು ಖರ್ಚು ಬರೆದ ಕಥೆ ಇದು.

ಮೂರನೆಯ ತಲೆಮಾರಿನ ರಾಮ ಮದರಾಸಿನಲ್ಲಿ ಓದುತ್ತಾನೆ, ಸ್ವಾತಂತ್ರ್ಯ ಚಳವಳಿಗೆ ಬೀಳುತ್ತಾನೆ, ಮುಂಬಯಿಯಲ್ಲಿ ಕೆಲಸಕ್ಕೆ ಅಲೆಯುತ್ತಾನೆ, ಕೊನೆಗೆ ಅದೇ ಉಪ್ಪು ಮಣ್ಣಿಗೆ ಬರುತ್ತಾನೆ. ‘ಮರಳಿ ಮಣ್ಣಿಗೆ’ ಎಂಬ ಹೆಸರನ್ನು ಕೇಳಿ ಇದು ಹಳ್ಳಿಯೇ ಸ್ವರ್ಗ ಎನ್ನುವ ಪುಸ್ತಕ ಎಂದುಕೊಳ್ಳುವವರಿದ್ದಾರೆ. ಅಂಥವರು ಕರಾವಳಿಯ ಗದ್ದೆಯಲ್ಲಿ ಒಂದು ಆಟಿ ತಿಂಗಳು, ಮಳೆ ಸುರಿಯುವ ಆಷಾಢದ ಹೊತ್ತು, ನಿಂತು ನೋಡಲಿ. ರಾಮ ಬರುವುದು ಮಣ್ಣಿನ ಮೋಹಕ್ಕಷ್ಟೇ ಅಲ್ಲ. ಅಜ್ಜಿಯರ ದುಡಿಮೆಯ ಬಾಕಿ ಅಲ್ಲಿ ಉಳಿದಿದೆ.

ಕನ್ನಡದಲ್ಲಿ ‘ಸಾಲ’ ಎಂಬ ಪದವೂ ಇದೆ, ‘ಋಣ’ ಎಂಬ ಪದವೂ ಇದೆ. ಸಾಲಕ್ಕೆ ಪತ್ರವಿದೆ, ಬಡ್ಡಿಯಿದೆ, ವಾಯಿದೆಯಿದೆ. ಋಣಕ್ಕೆ ಇವು ಯಾವುವೂ ಇಲ್ಲ. ಅನ್ನದ ಋಣ ಎನ್ನುತ್ತೇವೆ, ಮಣ್ಣಿನ ಋಣ ಎನ್ನುತ್ತೇವೆ. ಕಾರಂತರು ದೇವರನ್ನು ನಂಬಿದವರಲ್ಲ. ಋಣ ಎಂದರೆ ಪಿತೃಋಣ, ದೇವಋಣ ಎಂದು ತರ್ಪಣ ಬಿಡುವವರ ನಡುವೆ ಹುಟ್ಟಿ, ಆ ಶಬ್ದದಿಂದ ದೇವರನ್ನು ತೆಗೆದುಹಾಕಿದರೆ ಏನು ಉಳಿಯುತ್ತದೆ ಎಂದು ಅವರು ಮತ್ತೆ ಮತ್ತೆ ಬರೆದು ನೋಡಿದರು. ನನಗೆ ಹೊಳೆದಿರುವುದು ಇದೊಂದೇ, ಇದನ್ನು ಹೇಳಲಿಕ್ಕೇ ಬಂದೆ.

ಆ ಪ್ರಯೋಗದ ಗಟ್ಟಿ ಫಲ ಎರಡು ಪುಸ್ತಕಗಳಲ್ಲಿದೆ. ಒಂದು 1943ರ ‘ಬೆಟ್ಟದ ಜೀವ’. ಸುಬ್ರಹ್ಮಣ್ಯದ ಕಡೆಯಿಂದ ಹೊರಟ ಶಿವರಾಮಯ್ಯ ಎಂಬಾತ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಹೆಸರು ನೋಡಿದರೆ ಅವನು ಯಾರೆಂದು ಗೊತ್ತಾಗುತ್ತದೆ. ದೇರಣ್ಣ, ಬಟ್ಯ ಎಂಬಿಬ್ಬರು ಅವನನ್ನು ಕೆಳಬೈಲಿನ ಗೋಪಾಲಯ್ಯನವರ ಮನೆಗೆ ಕರೆತರುತ್ತಾರೆ. ಹೆಸರು ಕುಲ ಕೇಳುವ ಮೊದಲೇ ಅಲ್ಲಿ ಬಿಸಿನೀರು, ಊಟ, ಹಾಸಿಗೆ. ಗೋಪಾಲಯ್ಯ ಕಾಡು ಕಡಿದು ಅಡಿಕೆ ತೋಟ ಎಬ್ಬಿಸಿದ ಮುದುಕ. ಹೆಂಡತಿ ಶಂಕರಿ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ, ಸುದ್ದಿಯಿಲ್ಲ. ಕಾಟುಮೂಲೆಯಲ್ಲಿ ನಾರಾಯಣ, ಲಕ್ಷ್ಮಿ ಎಂಬ ಗಂಡ ಹೆಂಡತಿಯನ್ನು ಇಟ್ಟುಕೊಂಡು ಮಕ್ಕಳಂತೆ ನೋಡಿಕೊಳ್ಳುತ್ತಿದ್ದಾರೆ. ಗೋಪಾಲಯ್ಯ ನೆಟ್ಟದ್ದನ್ನು ಯಾರು ಉಣ್ಣಬೇಕು, ಓಡಿಹೋದ ಮಗನೋ, ಜೊತೆಗೆ ನಿಂತು ಬೆವರು ಸುರಿಸಿದ ನಾರಾಯಣನೋ? ಕಾನೂನಿನ ಉತ್ತರ ನಮ್ಮ ಕಡತದಲ್ಲಿದೆ. ಕಾದಂಬರಿಯ ಉತ್ತರ ಬೇರೆ.

ಕಾರಂತರ ಪುಸ್ತಕಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಕಥೆ ಎನ್ನುವಂಥದ್ದು ಹೆಚ್ಚೇನೂ ಇಲ್ಲ. ಹುಲಿಯ ಬೇಟೆ ಒಂದು ಬರುತ್ತದೆ, ಹೋಗುತ್ತದೆ. ಮಿಕ್ಕದ್ದೆಲ್ಲ ಮಾತು, ನಡಿಗೆ, ಅಡಿಕೆ ಮರ, ಕುಮಾರ ಪರ್ವತದ ನೆರಳು, ಮತ್ತು ಇಬ್ಬರು ಮುದುಕರು ಮಗನ ಹೆಸರನ್ನು ಒಬ್ಬರ ಮುಂದೆ ಒಬ್ಬರು ಎತ್ತದಿರಲು ಪಡುವ ಪಾಡು. ಬೆಂಗಳೂರಿಗೋ ದುಬೈಗೋ ಮಕ್ಕಳನ್ನು ಕಳುಹಿಸಿ ತೋಟದಲ್ಲಿ ಇಬ್ಬರೇ ಉಳಿದವರು ಈ ಕೂಟದಲ್ಲೂ ಇದ್ದೀರಿ. ನಿಮಗೆ ನಾನು ಈ ಪುಸ್ತಕವನ್ನು ವಿವರಿಸುವುದು ಅಧಿಕಪ್ರಸಂಗ.

ಇನ್ನೊಂದು, 1960ರ ‘ಅಳಿದ ಮೇಲೆ’. ರೈಲಿನಲ್ಲಿ ಪರಿಚಯವಾದ ಯಶವಂತ ಎಂಬ ಮನುಷ್ಯ ಮುಂಬಯಿಯಲ್ಲಿ ಒಂಟಿಯಾಗಿ ಸಾಯುತ್ತಾನೆ. ತಾನು ಬಿಟ್ಟುಹೋದ ಹಣ, ಚಿತ್ರಗಳು, ದಿನಚರಿ ಎಲ್ಲವನ್ನೂ ನಿರೂಪಕನಿಗೆ ಒಪ್ಪಿಸಿದ್ದಾನೆ. ತಿಂಗಳು ತಿಂಗಳೂ ಅವನು ಯಾರು ಯಾರಿಗೋ ಹಣ ಕಳುಹಿಸುತ್ತಿದ್ದ ಎಂದು ತಿಳಿಯುತ್ತದೆ. ಆ ವಿಳಾಸಗಳನ್ನು ಹಿಡಿದು ನಿರೂಪಕ ಘಟ್ಟ, ಕಡಲ ತೀರ ಅಲೆಯುತ್ತಾನೆ. ಒಂದೊಂದು ಬಾಗಿಲು ತಟ್ಟಿದಾಗಲೂ ಸತ್ತವನ ಒಂದೊಂದು ತುಂಡು ಸಿಗುತ್ತದೆ. ಒಬ್ಬರ ಪಾಲಿಗೆ ಅವನು ದೇವರು, ಇನ್ನೊಬ್ಬರ ಪಾಲಿಗೆ ಕೆಟ್ಟವನು. ಸಾಕಿ ಸಲಹಿದ ಪಾರ್ವತಮ್ಮ ಎಂಬ ಮುದುಕಿಯ ಕಣ್ಣಿನಲ್ಲಿ ಇನ್ನೂ ಹುಡುಗ.

ಯಶವಂತನಿಗೆ ಒಂದು ಹಟ: ಈ ಲೋಕದಿಂದ ಪಡೆದದ್ದಕ್ಕಿಂತ ಕೊಟ್ಟದ್ದು ಹೆಚ್ಚಾಗಿರಬೇಕು, ಬಾಕಿದಾರನಾಗಿ ಸಾಯಬಾರದು. ಕೇಳಲು ನೀತಿಪಾಠದಂತಿದೆ. ಕಾದಂಬರಿ ಅದನ್ನು ನೀತಿಪಾಠವಾಗಲು ಬಿಡುವುದಿಲ್ಲ. ಹಣ ಕಳುಹಿಸಿದ್ದರಿಂದ ತೀರದ ಬಾಕಿಗಳೂ ಇವೆ ಎಂದು ಬಾಗಿಲು ಬಾಗಿಲಿನಲ್ಲಿ ಗೊತ್ತಾಗುತ್ತ ಹೋಗುತ್ತದೆ. ಮನಿಯಾರ್ಡರು ತಲುಪಿತು, ಮನುಷ್ಯ ತಲುಪಲಿಲ್ಲ. ನಿವೃತ್ತಿಯಾದ ವರ್ಷ ಇದನ್ನು ಓದಿದೆ. ಒಂದು ಹಾಳೆ ತೆಗೆದು ನನ್ನ ಯಾದಿ ಬರೆಯಲು ಕೂತೆ. ಹೈಸ್ಕೂಲಿನ ಫೀಸು ಕಟ್ಟಿದ ಸೋದರಮಾವ, ಪೇಟೆಯಲ್ಲಿ ಎರಡು ವರ್ಷ ಅನ್ನ ಹಾಕಿದ ಒಂದು ಮನೆ… ಆರನೆಯ ಹೆಸರಿಗೆ ಬರುವಷ್ಟರಲ್ಲಿ ಪೆನ್ನು ಮುಚ್ಚಿಟ್ಟೆ. ಯಾರೂ ಈಗ ಇಲ್ಲ.

‘ಮೂಕಜ್ಜಿಯ ಕನಸುಗಳು’ ಬಗ್ಗೆ ಏನೂ ಹೇಳದಿದ್ದರೆ ನೀವು ಬಿಡಲಾರಿರಿ. 1968ರ ಪುಸ್ತಕ, 1977ರ ಜ್ಞಾನಪೀಠ ಬಂದದ್ದು ಅದಕ್ಕೇ. ಕುವೆಂಪು, ಬೇಂದ್ರೆಯವರ ನಂತರ ಕನ್ನಡಕ್ಕೆ ಮೂರನೆಯದು. ಬಾಲ್ಯದಲ್ಲೇ ವಿಧವೆಯಾದ ಎಂಬತ್ತರ ಅಜ್ಜಿ. ಮೊಮ್ಮಗ ಸುಬ್ಬರಾಯ ತಂದುಕೊಡುವ ಹಳೆಯ ವಸ್ತುಗಳನ್ನು ಕೈಯಲ್ಲಿ ಹಿಡಿದರೆ ಅವಳಿಗೆ ಸಾವಿರಾರು ವರ್ಷ ಹಿಂದಿನದೆಲ್ಲ ಕಾಣಿಸುತ್ತದೆ. ದೇವರುಗಳು ಹೇಗೆ ಹುಟ್ಟಿದರು, ಒಬ್ಬ ದೇವರನ್ನು ಇನ್ನೊಬ್ಬ ದೇವರು ಹೇಗೆ ನುಂಗಿದ, ಕಾಮಕ್ಕೆ ಹೆದರಿದ ಧರ್ಮಗಳು ಏನೇನು ವೇಷ ಹಾಕಿದವು ಎಂದು ಯಾವ ಅಳುಕೂ ಇಲ್ಲದೆ ಹೇಳುತ್ತಾಳೆ. ಅದ್ಭುತವಾದ ಮುದುಕಿ. ಆದರೆ ನನ್ನ ಲೆಕ್ಕದ ಪುಸ್ತಕಕ್ಕೆ ಅವಳು ಸಿಗುವುದಿಲ್ಲ. ಅಜ್ಜಿಯ ಬಾಯಲ್ಲಿ ಕಾರಂತರೇ ಮಾತಾಡುತ್ತಿದ್ದಾರೆ ಎಂದು ಅಲ್ಲಲ್ಲಿ ಅನಿಸುವುದೂ ಉಂಟು. ಸರಸೋತಿಯ ಬಾಯಲ್ಲಿ ಹಾಗೆ ಎಂದೂ ಅನಿಸಿರಲಿಲ್ಲ.

ಈ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಕಾರಂತರು ಬರೆದ ಕಾದಂಬರಿಗಳು 47. ಎಲ್ಲವೂ ಚಿನ್ನವೆಂದು ನಾನು ಸರ್ಟಿಫಿಕೇಟು ಕೊಡಲಾರೆ. ಬರೆದ ವೇಗ ಕೆಲವದರಲ್ಲಿ ಎದ್ದು ಕಾಣುತ್ತದೆ. ಪಾತ್ರಗಳು ಎದುರುಬದುರು ಕೂತು ವಾದ ಮಾಡುತ್ತವೆ, ವಾದ ಮುಗಿದರೆ ಕಾದಂಬರಿ ಮುಗಿಯುತ್ತದೆ. ಆದರೆ ಒಬ್ಬ ಮನುಷ್ಯ ಅದರ ಜೊತೆಗೆ ಮಕ್ಕಳಿಗೆ ಮೂರು ಸಂಪುಟಗಳ ‘ಬಾಲ ಪ್ರಪಂಚ’, ದೊಡ್ಡವರಿಗೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’, ಒಂದು ಅರ್ಥಕೋಶ, ಹಕ್ಕಿಗಳ ಪುಸ್ತಕ, ಪ್ರವಾಸಕಥನ, ನಾಟಕ ಎಲ್ಲ ಬರೆದ ಎಂದಾಗ ನಾನು ದಂಡ ಬಡ್ಡಿ ಹಾಕಲು ಹೋಗುವುದಿಲ್ಲ.

ಯಕ್ಷಗಾನದ ವಿಷಯವೇ ಇನ್ನೊಂದು ಉಪನ್ಯಾಸ. 1957ರ ‘ಯಕ್ಷಗಾನ ಬಯಲಾಟ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಊರೂರು ಅಲೆದು ಹಳೆಯ ವೇಷ, ಕುಣಿತ, ರಾಗಗಳನ್ನು ಹುಡುಕಿದವರೇ ಆಮೇಲೆ ರಾತ್ರಿ ಬೆಳಗಾಗುವ ಆಟವನ್ನು ಎರಡು ಮೂರು ಗಂಟೆಗೆ ಇಳಿಸಿ, ಮಾತು ಕಿತ್ತು, ಪಿಟೀಲು ಸ್ಯಾಕ್ಸೊಫೋನು ಸೇರಿಸಿ ಬ್ಯಾಲೆ ಮಾಡಿದರು. ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಮನೆಯಲ್ಲಿ, ಬೆಳೆದವರಿಗೆ ಉರಿದುಹೋಯಿತು. ಅರ್ಥಗಾರಿಕೆಯ, ಎಂದರೆ ವೇಷಧಾರಿಗಳು ಆಡುವ ಮಾತಿನ, ರುಚಿ ಹತ್ತಿದವನಾಗಿ ಈ ಜಗಳದಲ್ಲಿ ನಾನು ಕಾರಂತರ ಪಕ್ಷವಲ್ಲ. ಮಾತಿಲ್ಲದ ಯಕ್ಷಗಾನ ನನ್ನ ಮಟ್ಟಿಗೆ ಉಪ್ಪಿಲ್ಲದ ಗಂಜಿ.

ಆದರೆ ಅವರ ಬದುಕಿನ ಕೊನೆಯ ಭಾಗದಲ್ಲಿ ನನಗೆ ಯಶವಂತ ಕಾಣುತ್ತಾನೆ. 1968ರಲ್ಲಿ ಪದ್ಮಭೂಷಣ ಬಂದಿತ್ತು. ತುರ್ತುಪರಿಸ್ಥಿತಿ ಹೇರಿದಾಗ ಅದನ್ನು ತಿರುಗಿ ಕೊಟ್ಟರು. ಸರಕಾರದ ಬಿರುದೂ ಒಂದು ಸಾಲವೇ, ಬೇಡವಾದಾಗ ತೀರಿಸಿಬಿಟ್ಟರು. ಕೈಗಾದಲ್ಲಿ ಅಣುಸ್ಥಾವರ ಕಟ್ಟಲು ಹೊರಟಾಗ ವಿರೋಧಿಸಿದರು. ಭಾಷಣ ಮಾಡಿ ಸುಮ್ಮನಾಗಲಿಲ್ಲ. 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತುಬಿಟ್ಟರು. ವಯಸ್ಸು ಎಂಬತ್ತೇಳು. ಸೋತರು. ಸೋಲುವುದು ಅವರಿಗೆ ಹೊಸದಾಗಿರಲಿಲ್ಲ. ಪತ್ರಿಕೆ, ಸಿನಿಮಾ, ಶಾಲೆ, ಈಗ ಚುನಾವಣೆ. ಮುಂದೆಯೂ ಬರೆದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡಾಗ ತೊಂಬತ್ತೈದು ತುಂಬಿ ಎರಡು ತಿಂಗಳಾಗಿತ್ತು.

ಇಷ್ಟು ಹೇಳಿ ನಾನು ಕುರ್ಚಿಗೆ ಹೋಗುವವನಿದ್ದೆ. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು. ಬಿ.ಕಾಂ. ಓದುತ್ತಿರುವವಳಂತೆ. “ಸರ್, ಚೋಮ ನಿಮ್ಮ ಸಂಘಕ್ಕೆ ಬಂದಿದ್ದರೆ ನೀವು ಸಾಲ ಕೊಡುತ್ತಿದ್ದಿರಾ?” ಸಭೆ ನಕ್ಕಿತು. ನಾನೂ ನಕ್ಕೆ. ಆಮೇಲೆ ಉತ್ತರ ಹೇಳಬೇಕಾಯಿತು.

ಕೊಡುತ್ತಿರಲಿಲ್ಲ. ಬೆಳೆ ಸಾಲಕ್ಕೆ ಪಹಣಿ ಬೇಕು. ಅವನ ಹೆಸರಿನಲ್ಲಿ ಪಹಣಿ ಎಲ್ಲಿದೆ? ಜಾಮೀನಿಗೆ ಇಬ್ಬರು ಸದಸ್ಯರು ಬೇಕು. ಅವನಿಗೆ ಯಾರು ಸಹಿ ಹಾಕುತ್ತಿದ್ದರು?

ಅವಳು ಬಿಡಲಿಲ್ಲ. “ಭೂಸುಧಾರಣೆ ಆದ ಮೇಲೆ?”

ಆ ಕಾಲ ನನಗೆ ಚೆನ್ನಾಗಿ ನೆನಪಿದೆ. 1974ರ ಕಾನೂನು ಬಂದು ಇಡೀ ಜಿಲ್ಲೆ ಡಿಕ್ಲರೇಶನ್ ಕೊಟ್ಟಿತು. ಫಾರಂ ನಂಬರ್ ಏಳು. ಗೇಣಿಗೆ ಉಳುತ್ತಿದ್ದ ಒಕ್ಕಲುಗಳು ನೆಲದ ಒಡೆಯರಾದರು, ಧಣಿಗಳ ಮನೆಗಳಲ್ಲಿ ಒಲೆ ತಣ್ಣಗಾಯಿತು. ನಮ್ಮ ಸಂಘಕ್ಕೆ ಹೊಸ ಸದಸ್ಯರು ಬಂದದ್ದೂ ಅದರಿಂದಲೇ. ಆದರೆ ಏಳನೆಯ ನಂಬರಿನ ಫಾರಂ ತುಂಬಲು ಅರ್ಜಿದಾರ ಗೇಣಿದಾರನಾಗಿರಬೇಕು. ಎಷ್ಟು ಗೇಣಿ ಕೊಡುತ್ತಿದ್ದೆ, ಯಾವ ಸರ್ವೆ ನಂಬರು ಎಂದು ಬರೆಯಬೇಕು. ಚೋಮ ಗೇಣಿದಾರನಾಗಿರಲಿಲ್ಲ. ಆಗಬೇಕೆಂದು ಕೇಳಿದ್ದನಷ್ಟೆ, ಆಗಲು ಬಿಟ್ಟಿರಲಿಲ್ಲ. ಅವನ ಮೊಮ್ಮಕ್ಕಳು ಯಾರಾದರೂ ಬದುಕುಳಿದು ಆ ವರ್ಷ ತಾಲೂಕು ಕಚೇರಿಯ ಸಾಲಿನಲ್ಲಿ ಬಂದು ನಿಂತಿದ್ದರೂ, ಫಾರಂ ತುಂಬಿಕೊಡುತ್ತಿದ್ದ ನನ್ನಂಥವನು ಮೂರನೆಯ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿ ತಲೆ ಎತ್ತಿ ನೋಡುತ್ತಿದ್ದ.

ಹುಡುಗಿ ಕೂತಳು. ಸಭೆಯಲ್ಲಿ ಯಾರೂ ನಗಲಿಲ್ಲ. ಅಷ್ಟರಲ್ಲಿ ಚಹಾ ಬಂತು.